ಸೋತವನಿಗೆ ಮೊದಲ ಓದು

ಹೊಳೆಯ ದಂಡೆಯ ಆ ಮಠದಲ್ಲಿ ತೀರ್ಪನ್ನು ಗೆದ್ದವನಿಗೆ ಮೊದಲು ಹೇಳುವ ಪದ್ಧತಿ ಇರಲಿಲ್ಲ. ಸೋತವನನ್ನು ಒಳಗೆ ಕರೆದು, ಕೂರಿಸಿ, ಕುಡಿಯಲು ನೀರು ಕೊಟ್ಟು, ಅವನೊಬ್ಬನಿಗೇ ಮೊದಲು ಓದುತ್ತಿದ್ದರು.

ಓದಿ ಮುಗಿದ ಮೇಲೆ ಅವನು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು. "ನನ್ನ ಮಾತು ಇದರಾಗ ಎಲ್ಲೈತಿ?"

ಬರೆದವನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ತೀರ್ಪನ್ನು ಒರೆಸಿ ಮತ್ತೆ ಬರೆಯಬೇಕು.

ಒರೆಸುವುದೇನೋ ಸುಲಭ. ಅಲ್ಲಿ ಮೊದಲು ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆದರೆ ಬೆಳ್ಳಗೆ ಮೂಡುತ್ತದೆ, ಒದ್ದೆ ಬಟ್ಟೆ ಆಡಿಸಿದರೆ ಹೋಗುತ್ತದೆ. ಸೋತವನ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ತೀರ್ಪು ಓಲೆಗರಿಗೆ ಏರುತ್ತಿತ್ತು.

ಮಠದ ಹಿರಿಯರು ಅಡವಯ್ಯನವರು. ಸುತ್ತಲಿನ ಹನ್ನೆರಡು ಹಳ್ಳಿಗೂ ಅವರು ಅಜ್ಜಾರು. ನಲವತ್ತು ವರ್ಷ ನ್ಯಾಯ ಹೇಳಿ ಹೇಳಿ ಈಗ ಕಣ್ಣು ಮಂಜಾಗಿತ್ತು. ಹಾಗಾಗಿ ಆ ವರ್ಷ, ಮೊದಲ ಸಲ, ಒಂದು ವ್ಯಾಜ್ಯವನ್ನು ಪೂರ್ತಿಯಾಗಿ ಶಿಷ್ಯನ ಕೈಗೆ ಬಿಟ್ಟಿದ್ದರು.

ಶಿಷ್ಯನ ಹೆಸರು ಕರಿಬಸಯ್ಯ. ಹನ್ನೊಂದು ವರ್ಷದಿಂದ ಗುರುಗಳು ಹೇಳಿದ ತೀರ್ಪುಗಳನ್ನು ಬರೆಯುತ್ತಿದ್ದವನು. ಒಣ ಮಾತನ್ನೂ ಅವನು ಎಷ್ಟು ರಸವಾಗಿ ಬರೆಯುತ್ತಿದ್ದನೆಂದರೆ, ವ್ಯಾಜ್ಯವೇ ಇಲ್ಲದವರು ಬುತ್ತಿ ಕಟ್ಟಿಕೊಂಡು ಕೇಳಲು ಬರುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಕರಿಬಸಯ್ಯನಿಗಂತೂ ಬೇಕೇ ಬೇಕಿತ್ತು.

ವ್ಯಾಜ್ಯ ಸಾವಿನದು.

ಅಂಬಿಗರ ಗಾಳೆಪ್ಪನ ಹರಿಗೋಲು ನಡುಹೊಳೆಯಲ್ಲಿ ಮಗುಚಿತ್ತು. ಅದರಲ್ಲಿ ಇದ್ದವರು ಇಬ್ಬರೇ. ಗಾಳೆಪ್ಪ ಈಜಿ ದಡ ಸೇರಿದ. ಆಚೆ ಊರಿನ ಬೆಟ್ಟಪ್ಪ ಸೇರಲಿಲ್ಲ. ತಾಯಿಗೆ ಜ್ವರ ಎಂದು ಕೇಳಿ ಮನೆಗೆ ಹೊರಟಿದ್ದ ಮಗ ಅವನು.

ಆ ಹೊಳೆಗೊಂದು ಕಟ್ಟಳೆ ಇತ್ತು. ನಡುವೆ ಎಮ್ಮೆಗುಂಡು ಎಂಬ ಬಂಡೆ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಅದು ನೀರಿನ ಮೇಲೆ ಕಾಣುವ ತನಕ ಹರಿಗೋಲು ಬಿಡಬಹುದು. ಬೆನ್ನು ಮುಳುಗಿತೋ, ಯಾರ ಪ್ರಾಣ ಹೋಗುತ್ತಿದ್ದರೂ ಅಂಬಿಗ ಹುಟ್ಟು ಮುಟ್ಟುವಂತಿಲ್ಲ.

ಬೆಟ್ಟಪ್ಪನ ತಾಯಿ ಸಂಕವ್ವ ಹೇಳಿದ್ದು ಇಷ್ಟು: "ಗುಂಡು ಮುಳುಗಿತ್ತು. ಕಂಡೂ ಕಂಡೂ ಹರಗೋಲ ಬಿಟ್ಟಾನ. ನನ್ನ ಮಗನ್ನ ಕೊಂದಾನ."

ಗಾಳೆಪ್ಪ ಹೇಳಿದ್ದು ಇಷ್ಟು: "ನಾ ಬಿಡೋವಾಗ ಗುಂಡಿನ ಬೆನ್ನು ಒಂದು ಗೇಣು ಮ್ಯಾಲಿತ್ರಿ. ನಡುವ ಹೋದಾಗ ಹೊಳಿ ಒಮ್ಮಿಂದೊಮ್ಮೆ ಏರಿತು."

ಸಾಕ್ಷಿ ಒಬ್ಬಳೇ, ಅಗಸರ ಮಲ್ಲವ್ವ. ಬಟ್ಟೆ ಒಗೆಯುತ್ತಿದ್ದವಳು ತಲೆ ಎತ್ತಿದಾಗ ಗುಂಡು ಕಾಣಲಿಲ್ಲ, ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗುತ್ತಿತ್ತು. ಅದು ದಡ ಬಿಟ್ಟಾಗ ಅವಳು ನೋಡಿರಲಿಲ್ಲ.

ತಪ್ಪು ಗಾಳೆಪ್ಪನದೆಂದಾದರೆ ಅವನ ಹುಟ್ಟನ್ನು ಮಠದ ಬಾಗಿಲಲ್ಲಿ ಮುರಿಯುತ್ತಾರೆ. ಅಲ್ಲಿಂದ ಮುಂದೆ ಅವನು ಹೊಳೆಗೆ ಇಳಿಯುವಂತಿಲ್ಲ. ಬೇರೆ ಕಸುಬು ಅವನಿಗೆ ಗೊತ್ತಿಲ್ಲ. ಹನ್ನೆರಡು ಹಳ್ಳಿಯಲ್ಲೂ ಕೊಲೆಗಡುಕ ಅನ್ನಿಸಿಕೊಂಡು ಸಾಯುವ ತನಕ ಬದುಕಬೇಕು.

ಮೂರನೆಯ ದಿನ ಮಧ್ಯಾಹ್ನ ಮಠದ ಅಂಗಳದಲ್ಲಿ ಸಂಕವ್ವನ ಕಡೆಯವರು ನಲವತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಜನರ ಕೈಯಲ್ಲಿ ಬಡಿಗೆ ಇತ್ತು. ಯಾರೂ ಕೂತಿರಲಿಲ್ಲ.

ಕರಿಬಸಯ್ಯ ಕಡತ ಹಿಡಿದು ಗುರುಗಳ ಮುಂದೆ ಬಂದ.

"ಮುಗೀತು ಅಜ್ಜಾರೆ. ಒಮ್ಮೆ ಓದಿ ಹೇಳಲೇನು?"

"ನಂಗ್ಯಾಕ? ನಾ ಏನು ಸೋತಿಲ್ಲಲ್ಲ."

"ಹೆಚ್ಚುಕಡಿಮಿ ಇದ್ರ ತಿದ್ದಬಹುದು ಅಂತ."

"ಯಾರು ಸೋತಾರ?"

"ಗಾಳೆಪ್ಪ."

"ಅವನ್ನ ಕರಿ."

ಗಾಳೆಪ್ಪ ಬಂದ. ಹುಟ್ಟನ್ನು ಹೊರಗಿಡಲು ಮನಸ್ಸಾಗದೆ ಒಳಗೇ ಹಿಡಿದುಕೊಂಡು ಬಂದಿದ್ದ. ಮೊದಲು ಕರೆಯುವುದು ಯಾರನ್ನು ಎಂಬುದು ಅವನಿಗೂ ಗೊತ್ತಲ್ಲ, ಮುಖ ಆಗಲೇ ಕಪ್ಪಿಟ್ಟಿತ್ತು. ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟ.

"ನಾ ಸುಳ್ಳು ಹೇಳಿಲ್ರಿ ಅಯ್ಯನೋರೆ," ಎಂದ, ಓದುವ ಮೊದಲೇ. "ಒಂದು ಗೇಣು ಮ್ಯಾಲಿತ್ರಿ. ಇಷ್ಟು ನೋಡ್ರಿ." ಹೆಬ್ಬೆರಳು, ಕಿರುಬೆರಳು ಚಾಚಿ ಕೈಯನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡ.

"ಕೇಳು," ಎಂದು ಕರಿಬಸಯ್ಯ ಓದತೊಡಗಿದ.

"'ಅಂದು ಆಕಾಶವೇ ಎಚ್ಚರಿಸಿತ್ತು. ಹೊಳೆಯೇ ಗುಡುಗಿ ಹೇಳಿತ್ತು. ಎಮ್ಮೆಗುಂಡು ತಾನೇ ಮುಳುಗಿ ಸಾಕ್ಷಿ ನುಡಿದಿತ್ತು.'"

ಗಾಳೆಪ್ಪ ತಲೆ ಅಲ್ಲಾಡಿಸಿದ. ಕೈಯ ಗೇಣು ಹಾಗೇ ಇತ್ತು.

"'ಹುಟ್ಟಿದಂದಿನಿಂದ ಹೊಳೆಯನ್ನು ನೋಡಿದ ಕಣ್ಣಿಗೆ ಹೊಳೆ ಕಾಣದೆ ಇದ್ದೀತೇ? ಕಂಡೂ ಹುಟ್ಟು ಹಾಕಿದ ಕೈಯನ್ನು ಏನೆಂದು ಕರೆಯೋಣ? ಅತ್ತ ಜ್ವರದಲ್ಲಿ ಬೇಯುತ್ತ ಒಬ್ಬ ತಾಯಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಇತ್ತ ಆ ನತದೃಷ್ಟ ತರುಣ ಅಂಬಿಗನ ಕೈಯನ್ನು ದೇವರ ಕೈಯೆಂದು ನಂಬಿ ಹರಿಗೋಲು ಹತ್ತಿದನು.'"

ಕರಿಬಸಯ್ಯನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅವನಿಗೆ ಅದೆಲ್ಲ ಬೇಕಾಗಿರಲಿಲ್ಲ, ಮಾತುಗಳೇ ಕೆಲಸ ಮಾಡುತ್ತಿದ್ದವು.

ಗಾಳೆಪ್ಪ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿದ.

"'ಗುಂಡು ಕಾಣುತ್ತಿತ್ತೆಂದು ಈತ ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳದೆ ಇನ್ನೇನು ಮಾಡಿಯಾನು? ಅಪಾಯ ಈತನಿಗೆ ತಿಳಿದೇ ಇತ್ತು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ.'"

ಓದು ಮುಗಿಯುವ ಹೊತ್ತಿಗೆ ಗಾಳೆಪ್ಪನ ಬೆರಳುಗಳು ಮಡಚಿ ಮುಷ್ಟಿಯಾಗಿದ್ದವು. ಅವನು ಅಳುತ್ತಿದ್ದ.

"ಕೇಳಪಾ," ಎಂದರು ಗುರುಗಳು. "ಕೇಳೋದು ಐತಲ್ಲ, ಕೇಳು."

"ನನ್ನ ಮಾತು ಇದರಾಗ ಎಲ್ಲೈತ್ರಿ?"

ಕರಿಬಸಯ್ಯ ಥಟ್ಟನೆ ಬೆರಳಿಟ್ಟ. "ಇಲ್ಲೈತಿ. 'ಗುಂಡು ಕಾಣುತ್ತಿತ್ತೆಂದು ಈತ ಹೇಳಿಕೊಳ್ಳುತ್ತಾನೆ.'"

"ಐತ್ರಿ," ಎಂದ ಗಾಳೆಪ್ಪ. ಮುಷ್ಟಿಯಿಂದಲೇ ಕಣ್ಣೊರೆಸಿಕೊಂಡ. "ಹಂಗಾರ ನಾನ ಕೊಂದೀನ್ರಿ."

ಕರಿಬಸಯ್ಯ ಗುರುಗಳ ಮುಖ ನೋಡಿದ. ಸೋತವನು ಒಪ್ಪಿಕೊಂಡದ್ದು ಆ ಮಠದಲ್ಲಿ ಎಂದೂ ಆಗಿರಲಿಲ್ಲ. ಬೈದವರಿದ್ದರು, ಮಣ್ಣು ತೂರಿದವರಿದ್ದರು, ಸುಮ್ಮನೆ ಎದ್ದು ಹೋದವರಿದ್ದರು. ಹೌದು, ನನ್ನದೇ ತಪ್ಪು ಅಂದವನು ಇವನೇ ಮೊದಲು. ಶಿಷ್ಯನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಗುರುಗಳ ಮುಖದಲ್ಲಿ ಮಾತ್ರ ರಕ್ತ ಇರಲಿಲ್ಲ.

"ಗಾಳೆಪ್ಪಾ, ಓದೋಕಿಂತ ಮೊದಲ ಗುಂಡು ಎಷ್ಟು ಮ್ಯಾಲಿತ್ತು ಅಂದಿ?"

"ಗೇಣು ಅಂದೀನ್ರಿ."

"ಈಗ?"

ಗಾಳೆಪ್ಪ ತನ್ನ ಕೈ ನೋಡಿಕೊಂಡ. ಬೆರಳು ಬಿಡಿಸಿದ, ಮತ್ತೆ ಮಡಚಿದ.

"ಈಗ ತಿಳೀವಲ್ದ್ರಿ ಅಜ್ಜಾರೆ. ಕಣ್ಣು ಮುಚ್ಚಿದ್ರ ಅಯ್ಯನೋರು ಓದಿದ್ದ ಕಾಣ್ತೈತಿ. ಗುಂಡು ಮುಳುಗೇ ಐತಿ. ನಾ ಅಲ್ಲೇ ಇದ್ದೆ, ನಂಗ ತಿಳೀಲಿಲ್ಲ ನೋಡ್ರಿ."

ಹುಟ್ಟನ್ನು ಗುರುಗಳ ಕಾಲ ಬಳಿ ಇಟ್ಟು, ನೆಲ ಮುಟ್ಟಿ ನಮಸ್ಕರಿಸಿ, ಹಿಂದಿನ ಬಾಗಿಲಿಂದ ಹೊರಟುಹೋದ.

ಅಂಗಳದಿಂದ ಸಂಕವ್ವನ ಮೈದುನ ಕೂಗಿದ. "ಎಷ್ಟೊತ್ರಿ? ನೀವು ಹುಟ್ಟು ಮುರೀತೀರೋ, ನಾವ ಅವನ ಕಾಲು ಮುರೀಬೇಕೋ?"

"ಓಲಿಗೆ ಏರಿಸಲೇನು ಅಜ್ಜಾರೆ?" ಎಂದ ಕರಿಬಸಯ್ಯ.

"ಹೊರಡೋವಾಗ ಗುಂಡು ಕಂಡವರು ಎಷ್ಟು ಮಂದಿ?"

"ಇಬ್ಬರು. ಬೆಟ್ಟಪ್ಪ ಸತ್ತ. ಉಳಿದವ ಗಾಳೆಪ್ಪ."

"ಒಬ್ಬನ್ನ ಹೊಳಿ ಒಯ್ತು. ಉಳಿದವನ್ನ ಈಗ ನೀ ಒಯ್ದಿ."

ಕರಿಬಸಯ್ಯನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ನಾ ಒಂದು ಸುಳ್ಳೂ ಬರದಿಲ್ಲ."

"ಸುಳ್ಳಿದ್ದಿದ್ರ ಅವ ಜಗಳಾಡ್ತಿದ್ದ. ನನಗ ಅದರ ಚಿಂತಿ ಇರ್ತಿರಲಿಲ್ಲ."

"ಅವನೇ ಒಪ್ಪಿದನಲ್ಲ ಅಜ್ಜಾರೆ! ಸೋತವ ಒಪ್ಪಿದ ಮ್ಯಾಲೆ ಇನ್ನೇನು ಬೇಕು?"

"ಬೆಟ್ಟಪ್ಪ ಸತ್ತ ಅಂತ ಬರದೀಯಲ್ಲ, ಅಲ್ಲಿ ಎಳ್ಳಷ್ಟೂ ಸಂಶಯವಿಲ್ಲ ಅಂತ ಬರದಿಯೇನು?"

"ಇಲ್ಲ."

"ಯಾಕ?"

"ಸತ್ತದ್ದರಾಗ ಸಂಶಯ ಏನೈತಿ? ಬರೆಯೋದು ಬೇಕಿರಲಿಲ್ಲ."

"ಮತ್ತ ಎಲ್ಲಿ ಬೇಕಾತು?"

ಕರಿಬಸಯ್ಯ ಕಡತದಲ್ಲಿ 'ಅಪಾಯ ಈತನಿಗೆ ತಿಳಿದೇ ಇತ್ತು' ಎಂಬ ಸಾಲನ್ನು ನೋಡಿದ.

ಹೊರಗೆ ಬಡಿಗೆಗಳನ್ನು ನೆಲಕ್ಕೆ ಕುಟ್ಟುವ ಸದ್ದು ಶುರುವಾಯಿತು. ಮೊದಲು ಒಂದು, ಆಮೇಲೆ ಎಲ್ಲವೂ.

"ಕೇಳ್ರಿ ಅದನ್ನ," ಎಂದ ಕರಿಬಸಯ್ಯ. "ಅಂಥವರ ಮುಂದ 'ಇರಬಹುದು', 'ಇಲ್ಲದಿರಬಹುದು' ಅಂತ ಓದಿದ್ರ ಸುಮ್ಮನಿರ್ತಾರೇನು? ತೀರ್ಪು ಗಟ್ಟಿ ಇದ್ರ ಮಂದಿ ಬಾಯಿ ಮುಚ್ಚತಾರ. ಮೆತ್ತಗ ಕಂಡ್ರ ಮೆಟ್ಟತಾರ. ನೀವ ಕಲಿಸೀರಿ."

"ಕಲಿಸೀನಿ. ಗಟ್ಟಿ ಬರಿ ಅಂತ ಕಲಿಸೀನಿ. ಇದರಾಗ ಯಾರನ್ನ ನಂಬಿಸಿದಿ?"

"ಹೊರಗಿನವರನ್ನ."

"ಅವರು ಇನ್ನ ಕೇಳೇ ಇಲ್ಲ. ಮೊದಲ ಯಾರು ನಂಬಿದ್ರು?"

"ಗಾಳೆಪ್ಪ."

"ಅವಗಿಂತ ಮೊದಲು?"

ಅಂಗಳದಲ್ಲಿ ಬಡಿಗೆಗಳು ಕುಟ್ಟುತ್ತಲೇ ಇದ್ದವು.

"ನಿನಗ ಸಂಶಯ ಇತ್ತೇನು, ಬಸಯ್ಯಾ?"

"ಇತ್ತು."

"ಎಷ್ಟು ದಿನ?"

"ಎರಡು ದಿನ. ಊಟ ಸೇರಿರಲಿಲ್ಲ ಅಜ್ಜಾರೆ. ಒಮ್ಮೆ ಹೌದು ಅನ್ನಿಸೋದು, ಒಮ್ಮೆ ಅಲ್ಲ ಅನ್ನಿಸೋದು."

"ಯಾವಾಗ ಹೋತು?"

ಕರಿಬಸಯ್ಯ ಕಡತದ ಮೇಲೆ ಬೆರಳಿಟ್ಟ. ಬೆರಳು ನಿಂತದ್ದು ಎಮ್ಮೆಗುಂಡು ಸಾಕ್ಷಿ ನುಡಿದ ಸಾಲಿನ ಮೇಲೆ.

"ಈ ಸಾಲು ಭಾಳ ಛಲೋ ಬಂತು ಅಜ್ಜಾರೆ. ನಾಕು ಸಲ ಓದಿಕೊಂಡೆ. ಆಮ್ಯಾಲೆ ಸಂಶಯ ಇರಲಿಲ್ಲ."

"ನಡುವ ಹೊಸ ಸಾಕ್ಷಿ ಯಾರರ ಬಂದಿದ್ರೇನು?"

"ಇಲ್ಲ. ಸಾಲು ಬಂತು, ಅಷ್ಟ."

ಗುರುಗಳು ಕಾಲ ಬಳಿ ಇದ್ದ ಹುಟ್ಟನ್ನು ತಡವಿ ನೋಡಿದರು.

"ಗಾಳೆಪ್ಪ ಯಾವ ಬಾಗಿಲಿಂದ ಹೋದ?"

ಹಿಂದಿನ ಬಾಗಿಲ ಆಚೆ ಇದ್ದದ್ದು ಹೊಳೆ ಮಾತ್ರ.

ಕರಿಬಸಯ್ಯ ಕಡತ ಬಿಟ್ಟು ಓಡಿದ.

ಗಾಳೆಪ್ಪ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಹೊಳೆ ಇನ್ನೂ ಕೆಂಪಗಿತ್ತು. ಸೆಳವು ಅವನನ್ನು ಎಳೆಯುತ್ತಿತ್ತು, ಹುಟ್ಟಾ ಅಂಬಿಗನಾದದ್ದಕ್ಕೆ ನಿಂತಿದ್ದ, ಬೇರೆ ಯಾರಾದರೂ ಆಗಿದ್ದರೆ ಆಗಲೇ ಇರುತ್ತಿರಲಿಲ್ಲ.

"ಗಾಳೆಪ್ಪಾ! ಬಾ ಮ್ಯಾಲೆ!"

"ನೋಡಾಕತ್ತೀನ್ರಿ," ಎಂದ ಗಾಳೆಪ್ಪ, ತಿರುಗದೆ. "ಅವತ್ತು ಇಲ್ಲೇ ನಿಂತು ನೋಡಿದ್ದೆ. ಗುಂಡು ಎಲ್ಲಿತ್ತು ಅಂತ ನೆನಪಾಗ್ತೈತೇನೋ ಅಂತ."

"ಆಮ್ಯಾಲೆ ನೋಡೂಣಂತ. ಬಾ."

"ಇನ್ನೊಂಚೂರು ಒಳಗ ಹೋದ್ರ ಕಾಣಬಹುದ್ರಿ."

ಕರಿಬಸಯ್ಯನಿಗೆ ಈಜು ಬರುತ್ತಿರಲಿಲ್ಲ. ಹಾಗಿದ್ದೂ ಇಳಿದ. ಸೊಂಟದ ತನಕ ಬಂದ ನೀರು ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಬಿದ್ದ, ಒಂದು ಗುಟುಕು ಕೆಂಪು ನೀರು ಕುಡಿದ. ಅವನ ಕೈ ಹಿಡಿದು ಮೇಲಕ್ಕೆತ್ತಿದವನು ಗಾಳೆಪ್ಪನೇ. ಕಾಪಾಡಲು ಹೋದವನನ್ನು ಕಾಪಾಡಿ ದಡಕ್ಕೆ ತಂದು ಕೂರಿಸಿದ.

"ನಿಮಗ್ಯಾಕ್ರಿ ಬೇಕಿತ್ತು ಅಯ್ಯನೋರೆ," ಎಂದ.

ಇಬ್ಬರೂ ತೊಯ್ದ ಬಟ್ಟೆಯಲ್ಲೇ ಒಳಗೆ ಬಂದರು. ಗುರುಗಳು ಗಾಳೆಪ್ಪನನ್ನು ಒಲೆಯ ಹತ್ತಿರ ಕೂರಿಸಿದರು. ಶಿಷ್ಯನ ಕೈಗೆ ಒದ್ದೆ ಬಟ್ಟೆಯ ತುಂಡು ಕೊಟ್ಟರು.

"ಯಾರೂ ಕಾಣದ್ದನ್ನೆಲ್ಲಾ ಒರಸು."

ಕರಿಬಸಯ್ಯ ಕಡತ ತೆರೆದ.

"ಆಕಾಶ ಎಚ್ಚರಿಸಿತ್ತು ಅಂತ ಬರದಿ. ಯಾರಿಗೆ ಹೇಳಿತ್ತು?"

"ಯಾರಿಗೂ ಇಲ್ಲ." ಒರೆಸಿದ.

"ಕಣ್ಣಿಗೆ ಕಾಣದೆ ಇದ್ದೀತೇ ಅಂತ ಕೇಳೀಯಲ್ಲ, ಉತ್ತರ ಯಾರು ಹೇಳಿದ್ರು?"

"ಉತ್ತರ ಬರಲಿ ಅಂತ ಕೇಳಿದ್ದಲ್ಲ ಅದು." ಒರೆಸಿದ.

"ನತದೃಷ್ಟ ತರುಣ. ಅವಗ ಹೆಸರಿಲ್ಲೇನು?"

ಕರಿಬಸಯ್ಯ ಮೇಲಿಂದ ಕೆಳಗೆ ಹುಡುಕಿದ. ಇಡೀ ತೀರ್ಪಿನಲ್ಲಿ ಸತ್ತವನ ಹೆಸರು ಒಂದೇ ಕಡೆ ಇತ್ತು, ಅವನು ಸತ್ತ ಸಾಲಿನಲ್ಲಿ. ಬದುಕಿದ್ದಾಗಿನ ಬೆಟ್ಟಪ್ಪ ಎಲ್ಲೂ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಮಲ್ಲವ್ವನ ಮಾತು ಹ್ಯಾಂಗ ಬರದಿ?"

"'ಮಲ್ಲವ್ವ ಕಂಡಳು.'"

"ಗಾಳೆಪ್ಪಂದು?"

"'ಈತ ಹೇಳಿಕೊಳ್ಳುತ್ತಾನೆ.'"

ಕರಿಬಸಯ್ಯ ತಾನೇ ಒರೆಸಿದ.

ಎಮ್ಮೆಗುಂಡಿನ ಸಾಲಿಗೆ ಬಂದಾಗ ಅವನ ಕೈ ನಿಂತಿತು. ಮೂರು ದಿನದ ಹಿಂದೆ ಆ ಸಾಲು ಇರಲಿಲ್ಲ. ಈಗ ಅದನ್ನು ತೆಗೆಯುವುದೆಂದರೆ ಹಲ್ಲು ಕಿತ್ತ ಹಾಗೆ. ಬರೆಯುವವರಿಗೆ ಈ ಸಂಕಟ ಗೊತ್ತು, ಬೇರೆಯವರಿಗೆ ಹೇಳಿದರೆ ನಗುತ್ತಾರೆ.

ಕೊನೆಗೆ ಅದನ್ನೂ ಒರೆಸಿದ.

ಕಡತ ಬಹುಮಟ್ಟಿಗೆ ಕಪ್ಪಾಗಿತ್ತು. ಉಳಿದ ಸಾಲುಗಳನ್ನು ಅವನು ಎರಡು ಸಲ ಓದಿಕೊಂಡ.

"ಅಜ್ಜಾರೆ, ಉಳಿದದ್ದರಾಗ ತೀರ್ಪೇ ಇಲ್ಲ. ಅವ ತಪ್ಪು ಮಾಡ್ಯಾನ ಅನ್ನಾಕ ಬರಲ್ಲ. ಮಾಡಿಲ್ಲ ಅನ್ನಾಕೂ ಬರಲ್ಲ."

"ಹಂಗ ಬರಿ."

"ಹಂಗ ಬರದ್ರ ಹುಟ್ಟು ಅವನಿಗೇ ಉಳೀತೈತಿ. ಸಂಕವ್ವ ಸೋತಂಗ."

"ಹೌದು."

"ಅಂದ್ರ ಮೊದಲ ಆಕಿಗೆ ಓದಬೇಕು."

"ಓದಬೇಕು," ಎಂದರು ಗುರುಗಳು. "ಕರಿ."

ಸಂಕವ್ವ ಒಬ್ಬಳೇ ಒಳಗೆ ಬಂದಳು. ಜ್ವರ ಇನ್ನೂ ಬಿಟ್ಟಿರಲಿಲ್ಲ, ಕಂಬಳಿ ಹೊದ್ದಿದ್ದಳು. ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಒಲೆಯ ಬಳಿ ಕೂತ ಗಾಳೆಪ್ಪನನ್ನು ನೋಡಿ ಮುಖ ತಿರುಗಿಸಿದಳು.

"ನನ್ನ ಮೊದಲ ಯಾಕ ಕರದ್ರಿ?" ಎಂದಳು. ಅವಳಿಗೂ ಪದ್ಧತಿ ಗೊತ್ತಿತ್ತು.

ಕರಿಬಸಯ್ಯ ಕಡತ ಎತ್ತಿಕೊಂಡ. ಹಿಂದೆಲ್ಲ ಮಾತುಗಳ ಹಿಂದೆ ನಿಂತು ಓದಿದ್ದ. ಇವತ್ತು ಹಿಂದೆ ನಿಲ್ಲಲು ಏನೂ ಇರಲಿಲ್ಲ.

"'ಬೆಟ್ಟಪ್ಪ ತಾಯಿಯನ್ನು ನೋಡಲು ಹೊರಟಿದ್ದ,'" ಎಂದು ಓದಿದ. "'ಗಾಳೆಪ್ಪನ ಹರಿಗೋಲು ಹತ್ತಿದ. ಹೊರಡುವಾಗ ಎಮ್ಮೆಗುಂಡಿನ ಬೆನ್ನು ಒಂದು ಗೇಣು ಮೇಲಿತ್ತು ಎಂದು ಗಾಳೆಪ್ಪ ಹೇಳಿದ. ಮುಳುಗಿತ್ತು ಎಂದು ಸಂಕವ್ವ ಹೇಳಿದಳು. ಅವಳು ಆಗ ಜ್ವರದಲ್ಲಿ ಮಲಗಿದ್ದಳು. ಹರಿಗೋಲು ನಡುಹೊಳೆಯಲ್ಲಿದ್ದಾಗ ಗುಂಡು ಮುಳುಗಿದ್ದನ್ನು ಮಲ್ಲವ್ವ ಕಂಡಳು. ಬೆಟ್ಟಪ್ಪ ನೀರಿನಲ್ಲಿ ಸತ್ತ. ಹೊರಡುವಾಗ ಗುಂಡನ್ನು ಕಂಡವರಲ್ಲಿ ಬದುಕಿರುವವನು ಗಾಳೆಪ್ಪ ಒಬ್ಬನೇ. ಅವನು ತಪ್ಪು ಮಾಡಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗದೆ ಹುಟ್ಟು ಮುರಿಯಲಾರೆ.'"

ಹೊರಗೆ ಬಡಿಗೆಗಳ ಸದ್ದು ನಿಂತಿತ್ತು. ಅವರೂ ಕಿವಿಗೊಟ್ಟಿದ್ದರು.

"ಗೊತ್ತಿಲ್ಲ ಅಂತ ಬರಿಯಾಕ ಮೂರು ದಿನ ಬೇಕಾತೇನು, ಅಯ್ಯಾ?" ಎಂದಳು ಸಂಕವ್ವ.

"ಬೇಕಾತವ್ವ."

"ನೀನು ಏನೇನೋ ಚೆಂದ ಬರೀತಿ ಅಂತಾರ. ನನ್ನ ಮಗನ ಸಲುವಾಗಿ ನಾಕು ಮಾತು ಚೆಂದ ಬರಿಯಾಕ ಬರಲಿಲ್ಲೇನು?"

ಕರಿಬಸಯ್ಯನ ಕಣ್ಣು ತುಂಬಿತು. "ಬರದಿದ್ದೆ. ಒರಸೀನಿ."

"ಯಾಕ?"

"ಅದರಾಗ ನಿನ್ನ ಮಗ ಇರಲಿಲ್ಲವ್ವ."

ಸಂಕವ್ವ ಕಂಬಳಿಯನ್ನು ಎಳೆದುಕೊಂಡಳು. "ನನ್ನ ಮಾತು ಇದರಾಗ ಎಲ್ಲೈತಿ?"

ಅವನು ಬೆರಳಿಟ್ಟು ತೋರಿಸಿದ.

"ಬೆಟ್ಟಪ್ಪನ ಹೆಸರು?"

ಮೊದಲ ಸಾಲಿನ ಮೇಲೆ ಬೆರಳಿಟ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ. ಬಾಗಿ, ಅವನ ಬೆರಳು ಸರಿಸಿ, ಆ ಅಕ್ಷರಗಳನ್ನು ಅಳಿಸಿ ಹೋಗದ ಹಾಗೆ ಹಗುರಾಗಿ ಮುಟ್ಟಿದಳು.

"ನಾ ಒಪ್ಪಿಲ್ಲ," ಎಂದಳು. "ಅವನೇ ಕೊಂದಾನ ಅಂತ ನನ್ನ ಹೊಟ್ಟಿ ಹೇಳ್ತೈತಿ. ಆದ್ರ ಇದರಾಗ ಇಲ್ಲದ್ದನ್ನ ಕಟ್ಟಿ ಬರದದ್ದು ಏನೂ ಇಲ್ಲ. ಒಂದು ಮಾತು ಕೂಡಸು."

"ಹೇಳವ್ವ."

"ಇನ್ನ ಮ್ಯಾಲೆ ಯಾವ ಅಂಬಿಗನೂ ಒಬ್ಬನೇ ಗುಂಡು ನೋಡಿ ಹರಗೋಲ ಬಿಡಬಾರದು. ದಂಡಿ ಮ್ಯಾಲೆ ಇನ್ನೊಬ್ಬರು ನಿಂತು ನೋಡಬೇಕು. ಇನ್ನೊಬ್ಬಾಕಿ ಮೂರು ದಿನ ಕಾಯೋದು ಬ್ಯಾಡ."

ಕರಿಬಸಯ್ಯ ಗುರುಗಳ ಕಡೆ ನೋಡಿದ. ಅವರು ತಲೆ ತಗ್ಗಿಸಿದ್ದರು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದ.

ಸಂಕವ್ವ ಅಂಗಳಕ್ಕೆ ಹೋದಳು. ಮೈದುನ ಬಡಿಗೆ ಎತ್ತಿ ಏನೋ ಕೂಗಿದ. "ಸಾಕು ನಡೀರಿ," ಎಂದಳು ಅವಳು. "ಊರಾಗ ಇನ್ನೂ ಬೆಟ್ಟಪ್ಪನ ದಿನಕರ್ಮ ಮಾಡೋದೈತಿ." ಗೊಣಗಾಡಿದರು, ಉಗುಳಿದರು, ಆದರೆ ನಡೆದರು. ಹೆತ್ತವಳೇ ನಡೆ ಅಂದ ಮೇಲೆ ನೆಂಟರದೇನು ನಡೆಯುತ್ತದೆ?

ಮರುದಿನ ಬೆಳಿಗ್ಗೆ ಕರಿಬಸಯ್ಯ ಹುಟ್ಟನ್ನು ಹೊತ್ತು ಗಾಳೆಪ್ಪನ ಗುಡಿಸಲಿಗೆ ಹೋದ.

"ತೀರ್ಪು ಓಲಿಗೆ ಏರಿ ಮುದ್ರಿ ಬಿತ್ತು ಗಾಳೆಪ್ಪಾ. ಹುಟ್ಟು ನಿಂದು. ತಗೋ."

ಗಾಳೆಪ್ಪ ಕೈ ಚಾಚಲಿಲ್ಲ.

"ಆ ಹಳೇದೆಲ್ಲಾ ಒರಸೀನಿ. ನೀನ ನೋಡೀಯಲ್ಲ. ಒಂದಕ್ಷರ ಉಳಿದಿಲ್ಲ."

"ಬರದದ್ದನ್ನ ನೀವು ಒರಸಿದ್ರಿ ಅಯ್ಯನೋರೆ," ಎಂದ ಗಾಳೆಪ್ಪ. "ಕೇಳಿದ್ದನ್ನ ನಾ ಹ್ಯಾಂಗ ಒರಸಲಿ?"

ಕರಿಬಸಯ್ಯ ಮಠಕ್ಕೆ ಬಂದು ಗುರುಗಳಿಗೆ ಹೇಳಿದ.

"ಅವನ ಹರಗೋಲಿನಾಗ ಹೋಗಿ ಕೂಡು," ಎಂದರು ಅವರು.

"ಅವ ಹುಟ್ಟು ಮುಟ್ಟವಲ್ಲ ಅಜ್ಜಾರೆ."

"ಮುಟ್ಟೋ ತನಕ ಕೂಡು. ಈಜು ಬರಲ್ಲಲ್ಲ ನಿನಗ?"

"ಇಲ್ಲ."

"ಛಲೋ ಆತು. ನಿನ್ನ ಜೀವ ಅವನ ಕೈಯಾಗ ಇರಲಿ."

ಅಂದಿನಿಂದ ಪ್ರತಿ ಬೆಳಿಗ್ಗೆ ಕರಿಬಸಯ್ಯ ಹೋಗಿ ದಡಕ್ಕೆ ಕಟ್ಟಿದ ಹರಿಗೋಲಿನಲ್ಲಿ ಕೂತ. ಜನ ನೋಡಿ ನಕ್ಕರು. ತೀರ್ಪು ಬರೆಯುವ ಅಯ್ಯನೋರಿಗೆ ತಲೆ ಕೆಟ್ಟಿದೆ ಎಂದರು. ಆಚೆ ಹೋಗುವವರು ಎರಡು ಹರದಾರಿ ಸುತ್ತಿ ಬೇರೆ ಕಡವಿಗೆ ಹೋದರು. ಗಾಳೆಪ್ಪ ದಂಡೆಯ ಮೇಲೆ ಮೊಣಕಾಲು ತಬ್ಬಿ ಕೂತಿರುತ್ತಿದ್ದ.

ಹೊಳೆ ಇಳಿಯುತ್ತಾ ಬಂತು. ಐದನೆಯ ದಿನ ಎಮ್ಮೆಗುಂಡಿನ ಬೆನ್ನು ಕಂಡಿತು. ಒಂಬತ್ತನೆಯ ದಿನ ಎರಡು ಗೇಣು ಮೇಲೆದ್ದು ಬಿಸಿಲಿಗೆ ಒಣಗುತ್ತಿತ್ತು.

"ಗಾಳೆಪ್ಪಾ, ನೋಡು," ಎಂದ ಕರಿಬಸಯ್ಯ. "ಗುಂಡು ಎಷ್ಟು ಮ್ಯಾಲೈತಿ!"

ಗಾಳೆಪ್ಪ ಹೊಳೆಯ ಕಡೆ ನೋಡಿದ. ಆಮೇಲೆ ಕರಿಬಸಯ್ಯನ ಬಾಯಿಯನ್ನು ನೋಡಿದ.

"ಐತೇನ್ರಿ?" ಎಂದ. "ನೀವು ಹೇಳ್ತೀರಿ ಅಂದ್ರ ಇರಬೇಕ್ರಿ."

ಆ ಮಧ್ಯಾಹ್ನ ಕರಿಬಸಯ್ಯ ಗುರುಗಳ ಕಾಲ ಬಳಿ ಬಂದು ಕುಸಿದು ಕೂತ.

"ಕಣ್ಣ ಮುಂದಿನ ಗುಂಡನ್ನ ನನ್ನ ಕೇಳ್ತಾನ ಅಜ್ಜಾರೆ. ನನ್ನ ಕೇಳ್ತಾನ. ನಾ ಇನ್ನ ಎಷ್ಟು ದಿನ ಅಲ್ಲಿ ಕೂಡಬೇಕು?"

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

"ನೀ ಎಷ್ಟು ಚೆಂದ ಬರದಿದ್ದಿ, ಅಷ್ಟು ದಿನ."